ಬೇಸಿಗೆಯಲ್ಲಿ ಬಾಯಿ ಬಿಡುವ ಗೋಡೆ: ಎರೆ ಭೂಮಿಯ ಮನೆಗೆ ಮದ್ದು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಹಳ್ಳಿ. ಮನೆ 1998ರಲ್ಲಿ ಅಪ್ಪ ಕಟ್ಟಿಸಿದ್ದು. ಎರೆ ಭೂಮಿ. ಪಾಯಾ ಕಲ್ಲಿನದು, ನಾಲ್ಕು ಅಡಿ ಆಳ. ಗೋಡೆ 9 ಇಂಚಿನ ಇಟ್ಟಿಗೆಯದು, ಮೇಲೆ ಸ್ಲ್ಯಾಬ್. ಕಾಲಂ ಇಲ್ಲ. 2022ರ ಬೇಸಿಗೆಯಲ್ಲಿ ಅಡುಗೆಮನೆ ಕಿಟಕಿಯ ಮೂಲೆಯಿಂದ ಸ್ಲ್ಯಾಬಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಟ್ಟಿತು. ಮೇಲೆ ಅಗಲ, ಕೆಳಗೆ ಸಣ್ಣದು. ಮೇ ತಿಂಗಳಲ್ಲಿ ಹಳೆಯ ದಪ್ಪ ಐದು ರೂಪಾಯಿ ನಾಣ್ಯ ಅದರಲ್ಲಿ ನಿಲ್ಲುತ್ತದೆ. ಅಕ್ಟೋಬರ್‌ನಲ್ಲಿ ಪೋಸ್ಟ್‌ಕಾರ್ಡು ಕೂಡ ಕಷ್ಟದಿಂದ ಹೋಗುತ್ತದೆ. ಎರಡು ಸಲ ಸಿಮೆಂಟು ತುಂಬಿಸಿದೆವು. ಎರಡೂ ಸಲ ಪಕ್ಕದಲ್ಲೇ ಹೊಸ ಬಿರುಕು ಬಂತು. ಪಡುವಣ ಗೋಡೆಯಲ್ಲಿ ಸ್ಲ್ಯಾಬಿನ ಕೆಳಗೆ ಉದ್ದಕ್ಕೆ ಒಂದು ಅಡ್ಡ ಬಿರುಕಿದೆ. ಮುಂಬಾಗಿಲ ಸಜ್ಜಾದ ಕೆಳಗೆ ಸ್ವಲ್ಪ ಗಿಲಾವು ಉದುರಿ ಸರಳು ಕಾಣುತ್ತದೆ. ಅಡುಗೆಮನೆ ಮೂಲೆಯಿಂದ 12 ಅಡಿಗೆ ಅಪ್ಪ ನೆಟ್ಟ ಬೇವಿನ ಮರವಿದೆ. ಹಿಂದಿನ ಇನ್ನೊಂದು ಮೂಲೆಗೆ 2021ರಲ್ಲಿ ಬಚ್ಚಲು ಕಟ್ಟಿಸಿದೆವು. ಗೌಂಡಿ ಮೂಲೆಗೆ ಕಾಲಂ ಕೊಟ್ಟು ಎತ್ತಿ ಹಿಡಿಯೋಣ ಅನ್ನುತ್ತಾನೆ. ಹುಬ್ಬಳ್ಳಿಯ ಕಂತ್ರಾಟುದಾರರೊಬ್ಬರು ಕೆಮಿಕಲ್ ಇಂಜೆಕ್ಷನ್ ಮಾಡಿದರೆ ಹತ್ತು ವರ್ಷ ಗ್ಯಾರಂಟಿ ಅಂದರು. ಬೀಗರು ಕೆಡವಿ ಕಟ್ಟಿ ಅನ್ನುತ್ತಾರೆ. ಅವ್ವ ಆ ಕೋಣೆಯಲ್ಲಿ ಮಲಗಲು ಹೆದರುತ್ತಾಳೆ. ಬರುವ ಮೇ ತಿಂಗಳಲ್ಲಿ ಮಗನ ಮದುವೆ. ಆಮೇಲೆ ಮೇಲೊಂದು ಮಹಡಿ ಎಬ್ಬಿಸುವ ವಿಚಾರವೂ ಇದೆ. ಏನು ಮಾಡೋಣ?

ಉತ್ತರ: ನಾಣ್ಯ ಹಿಡಿದು ನೋಡಿದ್ದು ಬಹಳ ಒಳ್ಳೆಯ ಕೆಲಸ. ಬಿರುಕಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ "ದೊಡ್ಡದಾಗಿದೆ ಸರ್" ಅಂತ ಬರೆಯುತ್ತಾರೆ. ಎಷ್ಟು ದೊಡ್ಡದು, ಯಾವಾಗ ದೊಡ್ಡದು ಅಂತ ಯಾರೂ ಹೇಳುವುದಿಲ್ಲ. ಹಳೆಯ ದಪ್ಪ ಐದರ ನಾಣ್ಯ ಸುಮಾರು 3 ಮಿಲಿಮೀಟರ್. ಪೋಸ್ಟ್‌ಕಾರ್ಡು ಅರ್ಧ ಮಿಲಿಮೀಟರಿಗೂ ಕಡಿಮೆ. ಅಂದರೆ ನಿಮ್ಮ ಗೋಡೆ ವರ್ಷಕ್ಕೊಮ್ಮೆ ಎರಡೂವರೆ ಮಿಲಿಮೀಟರಿನಷ್ಟು ತೆರೆದು ಮುಚ್ಚುತ್ತಿದೆ. ಇದೊಂದು ಮಾತಿನಿಂದಲೇ ನನಗೆ ಅರ್ಧ ಉತ್ತರ ಸಿಕ್ಕಿತು.

ಮೊದಲು ಅವ್ವನ ಹೆದರಿಕೆಗೆ ಉತ್ತರ. ನೀವು ಬರೆದಷ್ಟೇ ಆಗಿದ್ದರೆ ಆ ಗೋಡೆ ಇವತ್ತು ನಾಳೆ ಬೀಳುವುದಿಲ್ಲ. ಇಟ್ಟಿಗೆ ಗೋಡೆಯಲ್ಲಿ 1 ಮಿ.ಮೀ. ಒಳಗಿನ ಬಿರುಕು ಬಣ್ಣದವನ ಕೆಲಸ. 5 ಮಿ.ಮೀ. ವರೆಗಿನದು ಸಾಮಾನ್ಯವಾಗಿ ಗೋಡೆಯ ಬಲ ಕಸಿಯುವುದಿಲ್ಲ, ಆದರೆ ಕಾರಣ ಹುಡುಕಬೇಕು. 5ರಿಂದ 15 ಇದ್ದರೆ ಇಂಜಿನಿಯರ್ ಬಂದು ನೋಡಲೇಬೇಕು. 15 ದಾಟಿದರೆ ಆ ಕೋಣೆ ಖಾಲಿ ಮಾಡಿ. ಆದರೆ ಅಗಲ ಒಂದನ್ನೇ ನಂಬಬೇಡಿ. ದಾರಕ್ಕೆ ತೂಕದ ಗುಂಡು ಕಟ್ಟಿ ಗೋಡೆಯ ಪಕ್ಕ ಇಳಿಬಿಡಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಹೊರಕ್ಕೆ ವಾಲಿದ್ದರೆ, ಬಿರುಕು ಸ್ಲ್ಯಾಬಿನೊಳಗೂ ಹೋಗಿದ್ದರೆ, ಅಥವಾ ಒಂದೇ ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆದರೆ ಲೆಕ್ಕ ಬೇರೆ. ಆಗ ಸ್ಲ್ಯಾಬಿನ ಕೆಳಗೆ ಆಸರೆ ಕಂಬ ಕೊಟ್ಟು, ಮನೆಯವರನ್ನು ಹೊರಗೆ ಕಳಿಸಿ, ಆಮೇಲೆ ಮಾತಾಡಬೇಕು. ಇವು ಯಾವುವೂ ಇಲ್ಲದಿದ್ದರೆ ಅವ್ವ ನೆಮ್ಮದಿಯಿಂದ ಮಲಗಲಿ.

ಈಗ ಇನ್ನೊಂದು ಮಾತು. ಸಜ್ಜಾದ ಸರಳು ಕಾಣುತ್ತದೆ ಅನ್ನುವುದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಇಡೀ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಆ ಸಾಲೇ. ಸರಳಿಗೆ ತುಕ್ಕು ಹಿಡಿದರೆ ಆ ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಅಡುಗೆಮನೆ ಬಿರುಕಿನಿಂದ ಯಾರಿಗೂ ಪೆಟ್ಟಾಗುವುದಿಲ್ಲ, ಮುಂಬಾಗಿಲ ಸಜ್ಜಾದಿಂದ ಬೀಳುವ ಒಂದು ಹೆಂಟೆ ತಲೆ ಒಡೆಯಬಹುದು. ಹಾಗಾಗಿ ಮೊದಲ ಕೆಲಸ ಅದು. ಕೆಳಗೆ ಆಸರೆ ಕೊಟ್ಟು, ಸಣ್ಣ ಸುತ್ತಿಗೆಯಿಂದ ಬಡಿದು, ಡಬಡಬ ಅನ್ನುವ ಭಾಗವನ್ನೆಲ್ಲ ತೆಗೆಸಿ. ಸರಳಿನ ಸುತ್ತಲೂ, ಹಿಂಭಾಗದಲ್ಲೂ, ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿಸಿ. ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆಯಿಂದ ಮುಚ್ಚಿಸಿ. ಸರಳು ಕಾಲುಭಾಗಕ್ಕಿಂತ ಜಾಸ್ತಿ ಸವೆದಿದ್ದರೆ ಉಜ್ಜುವುದರಿಂದ ಉಪಯೋಗವಿಲ್ಲ. ಆ ಸಜ್ಜಾ ಕಡಿದು ಹಾಕಿ, ಶೀಟು ಹಾಕಿಸಿಕೊಳ್ಳಿ. ಒಂದು ಎಚ್ಚರಿಕೆ: ಸಜ್ಜಾದ ಮುಖ್ಯ ಸರಳು ಇರುವುದು ಮೇಲುಗಡೆ. ಕೆಳಗೆ ತುಕ್ಕು ಕಂಡರೆ ಮೇಲುಗಡೆ ನೀರು ನಿಲ್ಲುತ್ತಿದೆಯೇ ಅಂತಲೂ ಹತ್ತಿ ನೋಡಬೇಕು.

ಪಡುವಣ ಗೋಡೆಯ ಅಡ್ಡ ಬಿರುಕು ಪಾಯಾದ ತಪ್ಪಲ್ಲ, ಬಿಸಿಲಿನದು. ಕಾಂಕ್ರೀಟು 10 ಮೀಟರ್ ಉದ್ದಕ್ಕೆ 30 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಅದರ ಕೆಳಗಿನ ಇಟ್ಟಿಗೆ ಅಷ್ಟು ಹಿಗ್ಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಸ್ಲ್ಯಾಬು ಗೋಡೆಯ ತಲೆಯ ಮೇಲೆ ಜರುಗುತ್ತದೆ, ರಾತ್ರಿ ತಣ್ಣಗಾಗಿ ಹಿಂದೆ ಬರುತ್ತದೆ. ಅಲ್ಲಿ ಗಿಲಾವಿನಲ್ಲಿ ನೀಟಾಗಿ ಒಂದು ಗಾಡಿ, ಅಂದರೆ ಉದ್ದನೆಯ ಕಚ್ಚು, ಕೊರೆಸಿ ಬಿಟ್ಟುಬಿಡಿ. ಸ್ಲ್ಯಾಬಿನ ಮೇಲೆ ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ದಪ್ಪಗೆ ಸುಣ್ಣ ಬಳಿಸಿದರೆ ಜರುಗಾಟ ಕಡಿಮೆಯಾಗುತ್ತದೆ, ಮನೆಯೂ ತಂಪಾಗುತ್ತದೆ. ಇಷ್ಟು ಸಾಕು.

ಇನ್ನು ಅಡುಗೆಮನೆ ಮೂಲೆ. ಎರೆ ಹೊಲ ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೈ ಇಳಿಯುವಷ್ಟು ಬಿರುಕು, ದನದ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಮುಂಗಾರು ಹಿಡಿದ ಮೇಲೆ ಅದೇ ಹೊಲ ಉಬ್ಬಿ ಒಂದಾಗುತ್ತದೆ. ಆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಇದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಹೊಲದಲ್ಲಿ ಆಗುವುದೇ ಮನೆಯ ಕೆಳಗೂ ಆಗುತ್ತದೆ. ಈ ಹಸಿ-ಒಣ ಆಟ ಎರೆ ಭೂಮಿಯಲ್ಲಿ ಸುಮಾರು 1.5 ಮೀಟರಿನಿಂದ 3.5 ಮೀಟರ್ ಆಳದವರೆಗೆ ನಡೆಯುತ್ತದೆ. ನಿಮ್ಮ ಪಾಯಾ ನಾಲ್ಕು ಅಡಿ, ಅಂದರೆ 1.2 ಮೀಟರ್. ಆಟ ನಡೆಯುವ ಅಂಗಳದಲ್ಲೇ ಪಾಯಾ ಕೂತಿದೆ.

ನಿಮ್ಮ ಮಣ್ಣು ಎಷ್ಟು ಹಿಗ್ಗುತ್ತದೆ ಅಂತ ನೋಡಬೇಕೇ? ಲ್ಯಾಬಿನಲ್ಲಿ ಮಾಡುವ ಪರೀಕ್ಷೆ ಬಹಳ ಸರಳ. ಪಾಯಾದ ಮಟ್ಟದ ಮಣ್ಣು ತಂದು, ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿಯುತ್ತಾರೆ. ಗೆರೆ ಇರುವ ಎರಡು ಗಾಜಿನ ಕೊಳವೆಗೆ ಹತ್ತತ್ತು ಗ್ರಾಂ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ, ಇದ್ದ ಹಾಗೇ ತಳದಲ್ಲಿ ಕೂರುತ್ತದೆ. ನೀರಿನ ಕೊಳವೆಯಲ್ಲಿ ಮಣ್ಣು ಮೆಲ್ಲಗೆ ಮೇಲೇರಿರುತ್ತದೆ. ಈ ಏರಿಕೆ ಅರ್ಧಕ್ಕಿಂತ, ಅಂದರೆ 50 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಅದು ತೊಂದರೆ ಕೊಡುವ ಮಣ್ಣು. ಮಣ್ಣಿನ ಲ್ಯಾಬ್ ಇರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಮಾಡಿಕೊಡುತ್ತಾರೆ. ಮನೆ ಮಾಲೀಕರಿಗೆ ನಾನು ಈ ಎರಡು ಕೊಳವೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಅದನ್ನು ಕಂಡ ಮೇಲೆ ಯಾರೂ ಗೌಂಡಿಯನ್ನು ಬೈಯುವುದಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಮಣ್ಣು 1998ರಲ್ಲೂ ಇದೇ ಇತ್ತು. 24 ವರ್ಷ ಸುಮ್ಮನಿದ್ದ ಗೋಡೆ 2022ರಲ್ಲಿ ಯಾಕೆ ಬಿರಿಯಿತು? ನಿಮ್ಮ ಪತ್ರದಲ್ಲೇ ಉತ್ತರವಿದೆ. ಬಚ್ಚಲು ಕಟ್ಟಿಸಿದ್ದು 2021ರಲ್ಲಿ. ಹಿಂದಿನ ಗೋಡೆಯ ಒಂದು ತುದಿ ಅಂದಿನಿಂದ ವರ್ಷವಿಡೀ ಹಸಿ. ಇನ್ನೊಂದು ತುದಿಯಲ್ಲಿ ಬೇವು. ಅಪ್ಪ ನೆಟ್ಟ ಆ ಮರ ಈಗ ದೊಡ್ಡದು. ಬೇಸಿಗೆಯಲ್ಲಿ ಅದರ ಬೇರು ಪಾಯಾದ ಕೆಳಗಿನ ಪಸೆಯನ್ನೂ ಹೀರುತ್ತದೆ. ಮನೆ ಪೂರ್ತಿ ಒಂದೇ ಸಮ ಮೇಲೆ ಕೆಳಗೆ ಆಗಿದ್ದರೆ ಗೋಡೆಗೆ ಏನೂ ಆಗುತ್ತಿರಲಿಲ್ಲ. ಒಂದು ಮೂಲೆ ಉಬ್ಬಿಕೊಂಡೇ ನಿಂತು, ಇನ್ನೊಂದು ಮೂಲೆ ಒಣಗಿ ಕೆಳಗಿಳಿದರೆ ನಡುವೆ ಗೋಡೆ ಹರಿಯುತ್ತದೆ. ಹರಿಯುವಾಗ ಬಲವಿಲ್ಲದ ಜಾಗ ಹುಡುಕುತ್ತದೆ. ಆ ಜಾಗ ಕಿಟಕಿಯ ಮೂಲೆ. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣದು ಅಂತ ನೀವು ಬರೆದಿದ್ದೂ ಇದಕ್ಕೇ ಹೊಂದುತ್ತದೆ. ತುದಿ ಕುಸಿದಾಗ ಬಿರುಕು ಮೇಲೆ ತೆರೆಯುತ್ತದೆ. ನಡು ಕುಸಿದರೆ ಕೆಳಗೆ ತೆರೆಯುತ್ತದೆ.

ಸಿಮೆಂಟು ತುಂಬಿದ್ದು ಯಾಕೆ ನಿಲ್ಲಲಿಲ್ಲ? ನೀವು ತುಂಬಿಸಿದ್ದು ಬೇಸಿಗೆಯಲ್ಲೇ ಇರಬೇಕು, ಎಲ್ಲರೂ ಬಿರುಕು ದೊಡ್ಡದಾಗಿ ಕಂಡಾಗಲೇ ಗೌಂಡಿಯನ್ನು ಕರೆಯುತ್ತಾರೆ. 3 ಮಿಲಿಮೀಟರ್ ಬಾಯಿ ಬಿಟ್ಟಾಗ ಗಟ್ಟಿ ಸಿಮೆಂಟು ತುಂಬಿದಿರಿ. ಮಳೆ ಬಂತು, ಮಣ್ಣು ಉಬ್ಬಿತು, ಗೋಡೆ ಮುಚ್ಚಿಕೊಳ್ಳಲು ನೋಡಿತು. ನಡುವೆ ಸಿಮೆಂಟು ಬೆಣೆಯ ಹಾಗೆ ಕೂತಿದೆ. ಗೋಡೆ ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿ ಒಡೆಯಿತು. ಅಣ್ಣಿಗೇರಿಯ ಕಡೆ ಒಂದು ಮನೆಯಲ್ಲಿ ವಯಸ್ಸಾದ ಗೌಂಡಿಯೊಬ್ಬರು ತಮ್ಮ ಹಳೆಯ ಕೆಲಸದ ಮೇಲೆ ಕೈಯಾಡಿಸಿ ನನಗೆ ಹೇಳಿದ್ದರು: "ನಾ ತುಂಬಿದ್ದು ಇನ್ನೂ ಗಟ್ಟಿ ಐತ್ರಿ ಸಾಹೇಬ್ರ, ಬಾಜೂಕಿನ ಗ್ವಾಡಿನ ಒಡದೈತಿ." ಅವರ ಮಾತು ನೂರಕ್ಕೆ ನೂರು ಸರಿ. ತುಂಬಿದ್ದು ಗೋಡೆಗಿಂತ ಗಟ್ಟಿಯಾದದ್ದೇ ತಪ್ಪಾಗಿತ್ತು.

ಇಂಜೆಕ್ಷನ್ನಿಗೂ ಇದೇ ಮಾತು. ಅದರಲ್ಲಿ ತುಂಬುವ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಇರುವುದು ಕಾಂಕ್ರೀಟಿನ ಬೀಮು, ಸ್ಲ್ಯಾಬುಗಳಿಗೆ, ಅದೂ ಆಟ ನಿಂತ ಬಿರುಕುಗಳಿಗೆ. ಇಟ್ಟಿಗೆ ಗೋಡೆಯ ಸಂದಿಗಳಲ್ಲಿ ಅದು ಎಲ್ಲೆಲ್ಲೋ ಹರಿದು ಹೋಗುತ್ತದೆ, ದುಡ್ಡೂ ಜೊತೆಗೆ ಹೋಗುತ್ತದೆ. ಗ್ಯಾರಂಟಿ ಕಾಗದ ಸಿಕ್ಕರೆ ಒಮ್ಮೆ ಪೂರ್ತಿ ಓದಿ. ಅದು ಕೆಮಿಕಲ್‌ಗೆ ಇರುತ್ತದೋ, ನಿಮ್ಮ ಮಣ್ಣಿನ ಆಟಕ್ಕೂ ಇರುತ್ತದೋ ಕೇಳಿ.

ಮೂಲೆಗೆ ಕಾಲಂ ಕೊಡುವುದು ನೋಡಲು ಗಟ್ಟಿ ಅನಿಸುತ್ತದೆ. ಆ ಕಾಲಂ ನಿಲ್ಲುವುದು ಯಾವುದರ ಮೇಲೆ? ಅದೇ ನಾಲ್ಕೈದು ಅಡಿಯ ಎರೆ ಮಣ್ಣಿನ ಮೇಲೆ. ಮಣ್ಣು ಇಳಿದರೆ ಕಾಲಂ ಕೂಡ ಇಳಿಯುತ್ತದೆ, ಹೊಸ ಭಾರವನ್ನೂ ಮೂಲೆಗೆ ಹೊರಿಸುತ್ತದೆ. ಅದನ್ನು ಹಾಕಲು ಹಳೆಯ ಪಾಯಾದ ಬುಡ ಬಿಚ್ಚುವಾಗ ಇನ್ನೂ ಅಪಾಯ.

ಹಾಗಾದರೆ ದಾರಿ ಯಾವುದು? ಗೋಡೆಯನ್ನು ಸದ್ಯ ಮುಟ್ಟಬೇಡಿ. ಮೊದಲು ನೀರನ್ನು ಸರಿ ಮಾಡಿ.

ಬಚ್ಚಲ ನೀರು ಎಲ್ಲಿ ಹೋಗುತ್ತದೆ ನೋಡಿ. ಪೈಪಿನ ಜೋಡಣೆ, ಚೇಂಬರು, ಗಟಾರದ ಸಂದಿ ಎಲ್ಲ ಬಿಚ್ಚಿ ನೋಡಿ. ನೀರು ಗೋಡೆಯಿಂದ ದೂರ, ಮುಚ್ಚಿದ ಪೈಪಿನಲ್ಲಿ ಹೋಗಬೇಕು. ಸ್ಲ್ಯಾಬಿನ ಮಳೆನೀರಿನ ಕೊಳವೆ ಪಾಯಾದ ಬುಡಕ್ಕೇ ಬೀಳುತ್ತಿದ್ದರೆ ಅದನ್ನೂ ದೂರ ಒಯ್ಯಿರಿ.

ಆಮೇಲೆ ಮನೆಯ ಸುತ್ತ ಐದು ಅಡಿ ಅಗಲದ ಕಟ್ಟೆ. ಇದನ್ನು ಸುಮ್ನೆ ಸಿಮೆಂಟು ಬಳಿದು ಮುಗಿಸಬೇಡಿ, ಇಡೀ ಮನೆಗೆ ಇದೇ ಮುಖ್ಯ ಮದ್ದು. ಎರಡು ಅಡಿ ಎರೆ ಮಣ್ಣು ತೆಗೆಸಿ, ಒಳ್ಳೆ ಗರಸು (ಸಣ್ಣ ಕಲ್ಲು ಬೆರೆತ ಮೊರಂ ಮಣ್ಣು) ತುಂಬಿಸಿ. ಆರಾರು ಇಂಚಿನ ಪದರ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ದಮ್ಮಸ್ಸು ಹೊಡೆಸಿ. ಉಸುಕು ಬೇಡವೇ ಬೇಡ. ಉಸುಕು ಹಾಕಿದರೆ ಎರೆ ತಣ್ಣಗಾಗುತ್ತದೆ ಅನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ನಿಜದಲ್ಲಿ ಉಸುಕು ನೀರನ್ನು ಹಿಡಿದಿಟ್ಟು ಕೆಳಗಿನ ಎರೆಗೆ ನಿಧಾನವಾಗಿ ಕುಡಿಸುತ್ತದೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ಇದೇ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಹಿಗ್ಗದ, ಆದರೆ ಅಂಟುಗುಣ ಇರುವ ಮಣ್ಣಿನ ಪದರ ಎರೆಯ ಮೇಲೆ ಹಾಕಿದರೆ ಅದರ ಉಬ್ಬರ ತಗ್ಗುತ್ತದೆ ಅಂತ ತೋರಿಸಿದರು. ಮಲಪ್ರಭಾ ಕಾಲುವೆಗಳಲ್ಲಿ ಈ ವಿಧಾನ ಬಳಕೆಯಾಗಿದೆ. ಸ್ವಲ್ಪ ಜೇಡಿ ಇರುವ ಗರಸು ಆ ಗುಣಕ್ಕೆ ಹತ್ತಿರ. ಗರಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೂರು ಇಂಚು ಕಾಂಕ್ರೀಟು, ಒಳಗೆ ಜಾಳಿಗೆ. ಗೋಡೆಯಿಂದ ಹೊರಕ್ಕೆ ಎರಡು ಇಂಚು ಇಳಿಜಾರು. ಗೋಡೆಗೂ ಕಟ್ಟೆಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಡಾಂಬರು ತುಂಬಿಸಿ. ಕಟ್ಟೆ ಆಡಿದರೆ ಅದು ಗೋಡೆಯನ್ನು ಎಳೆಯಬಾರದು.

ಈ ಕೆಲಸಕ್ಕೆ ಸರಿಯಾದ ಕಾಲ ದೀಪಾವಳಿ ಕಳೆದ ಮೇಲೆ, ನವೆಂಬರ್-ಡಿಸೆಂಬರ್. ಆಗ ಮಣ್ಣು ತೀರ ಹಸಿಯೂ ಅಲ್ಲ, ತೀರ ಒಣವೂ ಅಲ್ಲ. ಮೇ ತಿಂಗಳಲ್ಲಿ ಕಟ್ಟೆ ಹಾಕಿದರೆ ಬಿರಿದ ಒಣ ಮಣ್ಣಿನ ಮೇಲೆ ಮುಚ್ಚಳ ಹಾಕಿದಂತೆ, ಆಮೇಲೆ ಎಲ್ಲಿಂದಲೋ ನೀರು ಹೊಕ್ಕು ಎಬ್ಬಿಸುತ್ತದೆ. ಹತ್ತು ಹತ್ತು ಅಡಿಯಾಗಿ ತೋಡಿ ಮುಚ್ಚುತ್ತ ಹೋಗಬೇಕು. ಇಡೀ ಪಕ್ಕ ತೋಡಿ ಹಾಗೇ ಬಿಟ್ಟಾಗ ಒಂದು ಮಳೆ ಬಂದರೆ ಪಾಯಾ ನೀರಲ್ಲಿ ನಿಲ್ಲುತ್ತದೆ.

ಬೇವಿನ ಮರ ಕಡಿಯಬೇಕೇ ಅಂತ ನೀವು ಕೇಳಿಲ್ಲ, ಅಪ್ಪ ನೆಟ್ಟಿದ್ದು ಅಂತ ಮಾತ್ರ ಬರೆದಿದ್ದೀರಿ. ಕಡಿಯಬೇಡಿ. ದೊಡ್ಡ ಮರ ಒಂದೇ ಸಲ ಕಡಿದರೆ ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಮುಂದಿನ ಮಳೆಗಾಲಗಳಲ್ಲಿ ಆ ಮೂಲೆ ಉಬ್ಬುತ್ತದೆ. ಆಗ ಬಿರುಕು ತಿರುಗಿ ಬೇರೆ ಕಡೆ ಬರುತ್ತದೆ. ಪ್ರತಿ ವರ್ಷ ಟೊಂಗೆ ಸವರಿ ಮರವನ್ನು ಹಿಡಿತದಲ್ಲಿಡಿ. ಮರಕ್ಕೂ ಗೋಡೆಗೂ ನಡುವೆ, ಮರದಿಂದ ಐದಾರು ಅಡಿ ಬಿಟ್ಟು, ಐದು ಅಡಿ ಆಳದ ಕಿರಿದಾದ ಕಾಲುವೆ ತೋಡಿ, ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ ಮುಚ್ಚಿಸಿ. ಬೇರು ಮನೆ ಬಿಟ್ಟು ಆಚೆ ಕಡೆ ತಿರುಗುತ್ತದೆ. ಒಂದೇ ಬದಿಯ ಬೇರು ಕಡಿಯುವುದರಿಂದ ಮರಕ್ಕೆ ಗಾಳಿಯ ಭಯ ಇರುತ್ತದೆ, ಅದಕ್ಕೇ ಟೊಂಗೆ ಮೊದಲು ಹಗುರ ಮಾಡಿ.

ಇಷ್ಟಾದ ಮೇಲೆ ಒಂದು ವರ್ಷ ಕಾಯಬೇಕು. ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಕ್ರೂ ಕೂರಿಸಿ. ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಜೋಡಿ. ಮಿಲಿಮೀಟರಿನ ಭಾಗವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ ಸ್ಕ್ರೂಗಳ ನಡುವಿನ ಅಂತರ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಲವರು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುತ್ತಾರೆ. ಗಾಜು ಒಡೆದರೆ ಗೋಡೆ ಆಡಿತು ಅಂತ ಗೊತ್ತಾಗುತ್ತದೆ, ಎಷ್ಟು ಆಡಿತು ಅಂತ ಗೊತ್ತಾಗುವುದಿಲ್ಲ. ಮೊದಲ ವರ್ಷ ಆಟ ಪೂರ್ತಿ ನಿಲ್ಲದಿದ್ದರೆ ಗಾಬರಿ ಬೇಡ. ಕೆಳಗಿನ ಪಸೆ ಸಮನಾಗಲು ಎರಡು ಮಳೆಗಾಲವೂ ಹಿಡಿಯಬಹುದು.

ಆಟ ತಗ್ಗಿ 1 ಮಿ.ಮೀ. ಒಳಗೆ ಬಂದ ಮೇಲೆ ಗೋಡೆ ರಿಪೇರಿ. ಹಳೆಯ ಗಟ್ಟಿ ಸಿಮೆಂಟು ಪೂರ್ತಿ ಕೆತ್ತಿಸಿ ತೆಗೆಸಿ. ಒಡೆದ ಇಟ್ಟಿಗೆ ಬದಲಿಸಿ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಉಸುಕಿನ ಗಾರೆ ಬಳಸಿ. ಸುಣ್ಣ ಇದ್ದರೆ ಗಾರೆ ಇಟ್ಟಿಗೆಗಿಂತ ಮೆತ್ತಗಿರುತ್ತದೆ, ಸಣ್ಣ ಆಟವನ್ನು ತಾಳಿಕೊಳ್ಳುತ್ತದೆ. ಬಿರುಕಿಗೆ ಅಡ್ಡಲಾಗಿ ಹೊಲಿಗೆ ಹಾಕಿಸಿ: ನಾಲ್ಕೈದು ವರಸೆಗೊಂದರಂತೆ ಇಟ್ಟಿಗೆಯ ಅಡ್ಡ ಸಂದಿನಲ್ಲಿ ಗಾಡಿ ಕೊರೆದು, 6 ಮಿ.ಮೀ. ದಪ್ಪದ ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಸರಳು, ಬಿರುಕಿನ ಎರಡೂ ಬದಿಗೆ ಅರ್ಧರ್ಧ ಮೀಟರ್ ಬರುವಂತೆ ಕೂರಿಸಿ, ಕುಗ್ಗದ ಗ್ರೌಟ್ (ತೆಳು ಗಾರೆ) ತುಂಬಬೇಕು. ಮಾಮೂಲಿ ಕಬ್ಬಿಣದ ಸರಳು ಹಾಕಿದರೆ ಹತ್ತು ವರ್ಷಕ್ಕೆ ಸಜ್ಜಾದ ಕಥೆಯೇ ಗೋಡೆಯಲ್ಲೂ ಆಗುತ್ತದೆ. ಇದರ ಮೇಲೆ ಜಾಳಿಗೆ ಬಡಿದು ಗಿಲಾವು.

ಎರಡು ವರ್ಷ ಅಳೆದ ಮೇಲೂ ಬಿರುಕು ಮುಚ್ಚದೆ ಒಂದೇ ದಿಕ್ಕಿಗೆ ಬೆಳೆಯುತ್ತ ಹೋದರೆ ಮಾತ್ರ ಪಾಯಾದ ಕೆಳಗೆ ಹೊಸ ಪಾಯಾ ಕೊಡುವ ಮಾತು. ಅದು ಆಗುವ ಕೆಲಸ. ಆದರೆ ಒಮ್ಮೆಗೆ ಮೂರು ನಾಲ್ಕು ಅಡಿ ಉದ್ದ ಮಾತ್ರ ತೋಡಿ, ಪಕ್ಕದ ಭಾಗ ಮುಟ್ಟದೆ, ಬಿಟ್ಟು ಬಿಟ್ಟು ಮಾಡಬೇಕು. ಮಣ್ಣು ಕುಸಿದರೆ ಜೀವಕ್ಕೆ ಅಪಾಯ. ಇಂಜಿನಿಯರ್ ದಿನಾ ನಿಂತು ಮಾಡಿಸದಿದ್ದರೆ ಕೈ ಹಾಕಬೇಡಿ.

ಊರಿನ ಹಿರಿಯರನ್ನು ಒಂದು ಮಾತು ಕೇಳಿ: ನಿಮ್ಮ ಜಾಗದಲ್ಲಿ ಹಿಂದೆ ಹಗೇವು ಇತ್ತೇ ಅಂತ. ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕಣಜಗಳು ನಮ್ಮ ಹಳೆಯ ಊರುಗಳ ಕೆಳಗೆ ಇನ್ನೂ ಇವೆ. ನರಗುಂದದಲ್ಲಿ ಮನೆಯೊಳಗೆ, ಓಣಿಯಲ್ಲಿ ನೆಲ ಏಕಾಏಕಿ ಕುಸಿದಾಗ ಈ ಹಗೇವುಗಳ ಮಾತು ಬಂದಿತ್ತು. ಮನೆಯ ನೆಲ ದುಂಡಗೆ ತಗ್ಗಾಗುತ್ತಿದ್ದರೆ, ಫರ್ಸಿ ಬಡಿದಾಗ ಟೊಳ್ಳು ಸದ್ದು ಬಂದರೆ, ನಾನು ಇಲ್ಲಿ ಹೇಳಿದ್ದು ಯಾವುದೂ ಸಾಲದು. ಅದನ್ನು ಮೊದಲು ತೆಗೆದು ತುಂಬಬೇಕು.

ಕೆಡವಿ ಕಟ್ಟುವ ಮಾತು ನನಗೆ ಒಪ್ಪಿಗೆಯಿಲ್ಲ. ಅದೇ ಮಣ್ಣಿನಲ್ಲಿ ಅದೇ ನಾಲ್ಕು ಅಡಿ ಪಾಯಾ ಹಾಕಿ ಕಟ್ಟಿದರೆ ಇದೇ ಬಿರುಕು ಹೊಸ ಗೋಡೆಯಲ್ಲಿ ಬರುತ್ತದೆ. ಮೇಲೆ ಮಹಡಿಯಂತೂ ಈ ಪಾಯಾದ ಮೇಲೆ ಬೇಡ. ಮಗನಿಗೆ ಜಾಗ ಬೇಕಲ್ವಾ? ಹಿತ್ತಲಲ್ಲಿ ಬೇರೆ ಕೋಣೆ ಎಬ್ಬಿಸಿ. ಹಳೆಯ ಗೋಡೆಗೆ ಅಂಟಿಸದೆ, ಒಂದೆರಡು ಇಂಚು ಸಂದು ಬಿಟ್ಟು ಕಟ್ಟಿಸಿ. ಅದಕ್ಕೆ ಅಂಡರ್‌ರೀಮ್ಡ್ ಪೈಲ್ ಪಾಯಾ ಹಾಕಿಸಿ. ಸುಮಾರು 3.5 ಮೀಟರ್ ಆಳದ ಕುಣಿ ಕೊರೆದು, ತಳದಲ್ಲಿ ಅದನ್ನು ಗಡ್ಡೆಯ ಹಾಗೆ ಅಗಲ ಮಾಡಿ, ಕಾಂಕ್ರೀಟು ತುಂಬುತ್ತಾರೆ. ಮಣ್ಣು ಮೇಲೆ ಎಷ್ಟೇ ಆಡಿದರೂ ಆ ಗಡ್ಡೆ ಕೆಳಗೆ ಹಿಡಿದುಕೊಂಡಿರುತ್ತದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ನಮ್ಮ ದೇಶದ ಎರೆ ಮಣ್ಣಿಗಾಗಿ ಬೆಳೆಸಿದ ವಿಧಾನ ಇದು. ಮೇಲಿನ ಬೀಮು ಮಣ್ಣಿಗೆ ತಾಗದಂತೆ ಮೂರು ನಾಲ್ಕು ಇಂಚು ಎತ್ತರದಲ್ಲಿರಲಿ.

ಮದುವೆ ಮೇ ತಿಂಗಳಲ್ಲಿ ಅಂದಿದ್ದೀರಿ. ಬಿರುಕು ವರ್ಷದಲ್ಲೇ ಅಗಲವಾಗಿ ಕಾಣುವ ತಿಂಗಳು ಅದು. ನೋಡಿದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಯಾರು ಹೇಳಿದರೂ ಸಿಮೆಂಟು ತುಂಬಿಸಬೇಡಿ. ಮೆತ್ತನೆಯ ಅಕ್ರಿಲಿಕ್ ಸೀಲೆಂಟ್ ಎಳೆದು ಬಣ್ಣ ಹೊಡೆಸಿ. ಸಜ್ಜಾ ಮಾತ್ರ ಅಷ್ಟರೊಳಗೆ ರಿಪೇರಿ ಆಗಿರಲೇಬೇಕು. ಹಂದರ ಹಾಕುವವರು ಅದಕ್ಕೇ ಹಗ್ಗ ಬಿಗಿಯುತ್ತಾರೆ. ಈ ಸಲ ನೆಲದಲ್ಲಿ ಕಂಬ ನೆಟ್ಟೇ ಹಂದರ ಹಾಕಲು ಹೇಳಿ.